ಮೆಟ್ಟಿಲ ಗೋಡೆಯ ಹಾತೆಗೆ ಎಷ್ಟು ಗೆರೆ?

ನಮ್ಮ ಅಡುಗೆಮನೆಯಲ್ಲಿ ಸೌಟು, ಜಾಲರಿ, ಮಜ್ಜಿಗೆ ಕಡಗೋಲು ಇಡುವ ಡ್ರಾಯರಿನಲ್ಲಿ ಒಂದು ಭೂತಗನ್ನಡಿಯೂ ಇದೆ. ಹೋದ ವಾರ ಗ್ಯಾಸ್ ಒಲೆ ರಿಪೇರಿಗೆ ಬಂದಾತ ಬರ್ನರಿನ ತೂತಿನಲ್ಲಿ ಕೂತ ಮಸಿ ಚುಚ್ಚಿ ತೆಗೆಯಲು ಒಂದು ಪಿನ್ನು ಕೇಳಿದ. ಪಿನ್ನು ಹುಡುಕುತ್ತ ಒಂದೊಂದೇ ಸಾಮಾನು ತೆಗೆದು ಕಟ್ಟೆಯ ಮೇಲಿಡುವಾಗ ಅದೂ ಹೊರಗೆ ಬಂತು. ಆತ ಕೆಲಸ ನಿಲ್ಲಿಸಿ ಅದನ್ನೇ ನೋಡಿದ. ಆಮೇಲೆ ಮಸಿ ಮೆತ್ತಿದ್ದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಭಕ್ತಿಯಿಂದ ಮುಂದೆ ಚಾಚಿದ.

"ಮೇಡಂ, ಕೈ ನೋಡ್ತೀರಾ? ನಂದೂ ಸ್ವಲ್ಪ ನೋಡಿ. ಮದುವೆ ಯಾವಾಗ ಅಂತ ಮನೇಲಿ ಒಂದೇ ಸಮ ಕೇಳ್ತಾವ್ರೆ."

"ಇಲ್ಲಪ್ಪ, ನಾನು ಕೈ ನೋಡಲ್ಲ. ಹುಳ ನೋಡ್ತೀನಿ," ಎಂದೆ.

ಆತ ಮೆಲ್ಲಗೆ ಕೈ ಹಿಂದಕ್ಕೆಳೆದುಕೊಂಡು ಮೂಲೆಯಲ್ಲಿದ್ದ ಡಬ್ಬಗಳ ಕಡೆ ನೋಡಿದ. "ಅಕ್ಕೀಲಾ, ಬೇಳೇಲಾ?" ಎಂದ.

ಇದು ನನಗೆ ಹೊಸದಲ್ಲ. ನನ್ನ ಈ ಹವ್ಯಾಸವನ್ನು ಯಾರಿಗಾದರೂ ಒಂದೇ ಮಾತಿನಲ್ಲಿ ತಿಳಿಸಿ ಪಾರಾಗಲು ನನಗೆ ಇದುವರೆಗೂ ಆಗಿಲ್ಲ. ಪತಂಗ ನೋಡುತ್ತೇನೆ ಎಂದರೆ ವಿಜಯನಗರದ ನಮ್ಮ ಆಫೀಸಿನ ಲೋಕೇಶ ಗಾಳಿಪಟ ಎಂದುಕೊಂಡು, "ಮೇಡಂ, ಈ ವಯಸ್ಸಲ್ಲಿ ಟೆರೇಸ್ ಮೇಲೆಲ್ಲ ಹಿಂದಕ್ಕೆ ಹಿಂದಕ್ಕೆ ಹೋಗ್ಬೇಡಿ, ಬಿದ್ದುಗಿದ್ದೀರಾ," ಎಂದು ನಿಜವಾದ ಕಾಳಜಿಯಿಂದ ಹೇಳಿದ. ಹಾತೆ ಎಂದರೆ ಈಗಿನ ಮಕ್ಕಳಿಗೆ ಅದೊಂದು ಬೈಗುಳದ ಹಾಗೆ ಕೇಳಿಸುತ್ತದೆ. ಕೊನೆಗೆ ಇಂಗ್ಲಿಷೇ ವಾಸಿ ಎಂದು ಎದುರು ಮನೆಯ ಆಂಟಿಗೆ 'ಮಾತ್' ಎಂದೆ. ಮಾರನೆಯ ದಿನವೇ ಅವರು ಏಳನೇ ಕ್ಲಾಸಿನ ಮೊಮ್ಮಗಳನ್ನು ಕರೆದುಕೊಂಡು ಬಂದು, "ಇವಳಿಗೆ ಭಿನ್ನರಾಶಿ ತಲೆಗೆ ಹತ್ತಲ್ಲ, ನೀವೇ ಟ್ಯೂಷನ್ ಹೇಳ್ಕೊಡಿ," ಎಂದು ಸೋಫಾದ ಮೇಲೆ ಕೂರಿಸಿಬಿಟ್ಟರು. ಭಿನ್ನರಾಶಿ ನನ್ನ ತಲೆಗೂ ಹತ್ತಿಲ್ಲವೆಂದು ಒಪ್ಪಿಕೊಂಡು, ಅವಳಿಗೆ ಎರಡು ಚಕ್ಕುಲಿ ಕೊಟ್ಟು ಕಳಿಸಿದೆ.

ಚಿಕ್ಕಂದಿನಲ್ಲಿ ಈ ತೊಂದರೆ ಇರಲಿಲ್ಲ. ರಾಜಾಜಿನಗರದ ನಮ್ಮ ಮನೆಯಲ್ಲಿ ಹಗಲು ಹಾರುವುದೆಲ್ಲ ಚಿಟ್ಟೆ, ಸಂಜೆ ದೀಪಕ್ಕೆ ಬರುವುದೆಲ್ಲ ಹುಳ. ಮಳೆ ಬಂದ ಸಂಜೆ ಅಮ್ಮ ಹಳೇ ಪೇಪರಿಗೆ ಎಣ್ಣೆ ಸವರಿ ಬಲ್ಬಿನ ಕೆಳಗೆ ನೇತು ಹಾಕುತ್ತಿದ್ದಳು. ಹುಳಗಳಿಗಿಂತ ಹೆಚ್ಚಾಗಿ ಅದಕ್ಕೆ ಅಂಟಿಕೊಳ್ಳುತ್ತಿದ್ದದ್ದು ಅಪ್ಪನ ತಲೆ. ಆದರೆ ಒಂದು ಹುಳಕ್ಕೆ ಮಾತ್ರ ಮನೆಯಲ್ಲಿ ವಿಶೇಷ ಮರ್ಯಾದೆ ಇತ್ತು. ಅಂಗೈ ಅಗಲದ, ಕಂದು ಬಣ್ಣದ, ರೆಕ್ಕೆಯ ಮೇಲೆ ಕಣ್ಣಿನಂಥ ಗುರುತಿದ್ದ ದೊಡ್ಡ ಹಾತೆ. ಅದು ಬಂದು ಗೋಡೆಗೆ ಕೂತರೆ ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು. "ನಿಮ್ಮ ತಾತ ಬಂದಿದಾರೆ ಕಣೇ. ಗಲಾಟೆ ಮಾಡ್ಬೇಡಿ," ಎನ್ನುತ್ತಿದ್ದರು. ತಾತ ಹೋಗಿ ಆಗಲೇ ಬಹಳ ವರ್ಷವಾಗಿತ್ತು.

ಒಂದು ಶ್ರಾವಣದಲ್ಲಿ ಅಂಥವೇ ಎರಡು ಹಾತೆಗಳು ಒಟ್ಟಿಗೆ ಬಂದುಬಿಟ್ಟವು. ಒಂದು ನಡುಮನೆಯಲ್ಲಿ, ಇನ್ನೊಂದು ಅಡುಗೆಮನೆಯ ಬಾಗಿಲ ಮೇಲೆ. ಅಜ್ಜಿ ಗಾಬರಿಯಾದರು. ನನ್ನ ತಮ್ಮನಂತೂ, "ಅಜ್ಜಿ, ನಿಮಗೆ ಇಬ್ಬರು ಗಂಡಂದಿರಾ?" ಎಂದು ಕೇಳಿ ಅಮ್ಮನಿಂದ ಪೆಟ್ಟು ತಿಂದ. ಅಜ್ಜಿ ಎರಡನ್ನೂ ಹತ್ತಿರ ಹೋಗಿ ನೋಡಿ ಬಂದು ತೀರ್ಪು ಕೊಟ್ಟರು: "ಅಡುಗೆಮನೆ ಬಾಗಿಲಲ್ಲಿ ಕೂತಿರೋದು ನಿಮ್ಮ ತಾತ. ಕಾಫಿ ಆಯ್ತಾ ಅಂತ ಅಲ್ಲೇ ಬಂದು ನಿಲ್ತಿದ್ರು. ಇನ್ನೊಂದು ಅವರ ತಮ್ಮ ಇರ್ಬೇಕು. ಇಬ್ರೂ ನೋಡೋಕೆ ಒಂದೇ ಥರ." ಒಂದೇ ಥರ ಕಾಣುವ ಎರಡು ಹಾತೆಗಳನ್ನು ಬೇರೆ ಬೇರೆಯಾಗಿ ಗುರುತಿಸುವ ವಿದ್ಯೆಯನ್ನು ನಾನು ಮೊದಲು ಕಂಡದ್ದು ಹೀಗೆ. ಈಗ ಯೋಚಿಸಿದರೆ ಅಜ್ಜಿಯ ವಿಧಾನವೇ ಸುಲಭವಿತ್ತು.

ಈ ವಿದ್ಯೆ ನಡುವಯಸ್ಸಿನಲ್ಲಿ ನನ್ನನ್ನು ಮತ್ತೆ ಹುಡುಕಿಕೊಂಡು ಬಂದದ್ದು ವಿಶಾಲಕ್ಕನ ಮೂಲಕ. ವಿಶಾಲಕ್ಕ ನನ್ನ ಓರಗಿತ್ತಿ, ನಮ್ಮವರ ಅಣ್ಣನ ಹೆಂಡತಿ. ನಾಗರಭಾವಿಯಲ್ಲಿ ಅಣ್ಣ ತಮ್ಮ ಸೇರಿ ಕಟ್ಟಿಸಿದ ಮನೆಯಲ್ಲಿ ಮೇಲೆ ಅವರು, ಕೆಳಗೆ ನಾವು. ವಿಶಾಲಕ್ಕ ಮನೆಯಲ್ಲೇ ಸೀರೆಗೆ ಕುಚ್ಚು ಹಾಕಿಕೊಡುತ್ತಾರೆ. ಮೊದಲು ಹೇಳಿದ ಭೂತಗನ್ನಡಿ ಅವರದೇ, ಸೆರಗಿನ ಎಳೆ ಎಣಿಸಲು ಇಟ್ಟುಕೊಂಡಿದ್ದು. ತಮ್ಮ ಕಣ್ಣಿಗೆ ತಪ್ಪಿಸಿಕೊಂಡು ಲೋಕದಲ್ಲಿ ಏನೂ ನಡೆಯದು ಎಂಬುದು ಅವರ ನಂಬಿಕೆ. ಅವರಿಗೆ ಸರಿಯಾಗಿ ಕಾಣುವುದಿಲ್ಲ ಎಂಬುದು ನನ್ನ ನಂಬಿಕೆ. ನನ್ನ ಕಣ್ಣಿಗಂತೂ ಎರಡು ಭಾಗದ ಗಾಜಿನ ಕನ್ನಡಕ. ಅದರಲ್ಲಿ ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ಹೆಚ್ಚಾಗಿಯೇ ಕಾಣುತ್ತದೆ.

ಈ ಕಥೆ ಶುರುವಾಗುವ ಹೊತ್ತಿಗೆ ನಮ್ಮಿಬ್ಬರ ನಡುವೆ ಮಾತು ಹಳಸಿತ್ತು. ಕಾರಣ ನೀರಿನ ಮೋಟರು. ಒಂದು ದಿನ ಯಾರೋ ಸ್ವಿಚ್ ಆರಿಸಲು ಮರೆತು ಓವರ್‌ಹೆಡ್ ಟ್ಯಾಂಕ್ ತುಂಬಿ, ಟೆರೇಸಿನ ಮೇಲೆ ಒಣಗಿಸಿದ್ದ ವಿಶಾಲಕ್ಕನ ಸಂಡಿಗೆ ಅಷ್ಟೂ ನೀರಿನಲ್ಲಿ ತೇಲಿಹೋಯಿತು. ಆ ಯಾರೋ ನಾನು ಎಂದು ಅವರು, ಅವರೇ ಎಂದು ನಾನು. ಜಗಳವಾಡಲಿಲ್ಲ. ಆಡಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ಅದರ ಬದಲು ವಿಶಾಲಕ್ಕ ನನ್ನನ್ನು 'ನೀವು' ಎನ್ನಲು ಶುರುಮಾಡಿದರು. ಮದುವೆಯಾಗಿ ಬಂದ ದಿನದಿಂದ "ಏನೇ ಸುಮಿ, ಬಾರೇ ಸುಮಿ" ಎನ್ನುತ್ತಿದ್ದವರು ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು, "ಹಾಲಿನವರು ಬಂದಿದ್ರಾ? ನಿಮ್ಮ ಪ್ಯಾಕೆಟ್ ಇಲ್ಲೇ ಇದೆ, ತಗೊಳ್ಳಿ," ಎಂದರು. ಚಳಿಗಾಲ ಶುರುವಾದ ಹಾಗಾಯಿತು.

ಬೆಳಗಿನ ವಾಕಿಂಗಿಗೆ ಎರಡೂ ಜೋಡಿ ಹೋಗುತ್ತಿದ್ದದ್ದು ಮಲ್ಲತ್ತಹಳ್ಳಿ ಕೆರೆಗೇ. ಅವರು ಬಲಗಡೆಯಿಂದ ಸುತ್ತಿದರೆ ನಾವು ಎಡಗಡೆಯಿಂದ. ಹೀಗೆ ಮಾಡಿದರೆ ಮುಖ ನೋಡುವುದು ತಪ್ಪುತ್ತದೆ ಎಂದು ನನ್ನ ಲೆಕ್ಕ. ಭಿನ್ನರಾಶಿ ಬಾರದವರ ಲೆಕ್ಕ ಹೀಗೇ ಇರುತ್ತದೆ. ಪ್ರತಿ ಸುತ್ತಿನಲ್ಲೂ ಎರಡೆರಡು ಸಲ ಎದುರುಬದುರಾಗಿ, ಪ್ರತಿ ಸಲವೂ ಹೊಸದಾಗಿ ನಕ್ಕು, ಕೆನ್ನೆ ನೋವು ಬರುತ್ತಿತ್ತು.

ಅಂಥ ಒಂದು ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಮರಗಳ ನಡುವೆ ಹಗ್ಗ ಕಟ್ಟಿ ಯಾರೋ ಚಿತ್ರಗಳನ್ನು ನೇತು ಹಾಕಿದ್ದರು. ಪಕ್ಕದಲ್ಲಿ ಮಜ್ಜಿಗೆಯ ಕ್ಯಾನ್ ಇತ್ತು. ನಾನು ಎಡದಿಂದ, ವಿಶಾಲಕ್ಕ ಬಲದಿಂದ, ಇಬ್ಬರೂ ಮಜ್ಜಿಗೆಗೆ ಬಂದು ಸೇರಿದೆವು. ಚಿತ್ರಗಳೆಲ್ಲ ಹಾತೆಗಳದ್ದು. ಕೆಂಗೇರಿ ಉಪನಗರದಿಂದ ಬಂದಿದ್ದ ಶಿವಸ್ವಾಮಿ ಸಾರ್ ಎಂಬ ಬೆಳ್ಳಗಿನ ಗಡ್ಡದವರು ಅವುಗಳ ವಿಷಯ ಹೇಳುತ್ತಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರಂತೆ. ಯಾರನ್ನೂ ನೋಯಿಸದ ಮೆತ್ತಗಿನ ದನಿ.

"ಇದಕ್ಕೆ ಕಾಡಿಗೆ ಹೋಗ್ಬೇಕಾಗಿಲ್ಲಮ್ಮ," ಎಂದರು. "ನಿಮ್ಮ ಮನೆ ಮೆಟ್ಟಿಲಿಗೆ ಒಂದು ದೀಪ ಇರುತ್ತಲ್ಲ? ಬೆಳಿಗ್ಗೆ ಗುಡಿಸೋಕೆ ಮುಂಚೆ ಅದರ ಸುತ್ತ ಗೋಡೆ ನೋಡಿ. ಬಂದಿದ್ದೋರು ಅಲ್ಲೇ ಮಲಗಿರ್ತಾರೆ."

ಮಜ್ಜಿಗೆ ಎರಡನೇ ಲೋಟ ಕುಡಿದ ಸಂಕೋಚಕ್ಕೆ ಇಬ್ಬರೂ ಅವರ ವಾಟ್ಸಾಪ್ ಗುಂಪಿಗೆ ಸೇರಿದೆವು.

ನಮ್ಮ ಮನೆಯ ಮೆಟ್ಟಿಲು ಹೊರಗಡೆ ಇದೆ, ಎರಡೂ ಮನೆಗೆ ಸೇರಿದ್ದು. ಕೆಳಗಿನ ಅರ್ಧ ಗುಡಿಸುವುದು ನಾನು, ಮೇಲಿನ ಅರ್ಧ ವಿಶಾಲಕ್ಕ. ನಡುವೆ ಮೆಟ್ಟಿಲು ತಿರುಗುವ ಜಾಗದಲ್ಲಿ ಒಂದು ಚೌಕದ ಕಟ್ಟೆ. ದೀಪ ಇರುವುದು ಅಲ್ಲೇ. ಆ ಚೌಕ ಯಾರ ಪಾಲಿಗೆ ಎಂದು ಯಾವತ್ತೂ ತೀರ್ಮಾನವಾಗಿಲ್ಲವಾದ್ದರಿಂದ ಅದನ್ನು ಗಾಳಿಯೇ ಗುಡಿಸುತ್ತಿತ್ತು. ಮಾರನೆಯ ಬೆಳಿಗ್ಗೆ ನಾನು ಪೊರಕೆ ಹಿಡಿದು ಹತ್ತಿದರೆ ವಿಶಾಲಕ್ಕ ಪೊರಕೆ ಹಿಡಿದು ಇಳಿಯುತ್ತಿದ್ದರು. ಇಬ್ಬರ ಸೊಂಟದಲ್ಲೂ ಮೊಬೈಲು.

ಮೊದಲ ವಾರ ನಮ್ಮ ಪ್ರಗತಿ ಹೇಳಿಕೊಳ್ಳುವ ಹಾಗಿರಲಿಲ್ಲ. ಕೆಲವು ಹಾತೆಗಳು ಹಕ್ಕಿಯ ಹಿಕ್ಕೆಯಂತೆ ಕಾಣುತ್ತವೆ, ಶತ್ರುಗಳಿಂದ ಪಾರಾಗುವ ಉಪಾಯ ಅದು ಎಂದು ಸಾರ್ ಗುಂಪಿನಲ್ಲಿ ತಿಳಿಸಿದ್ದರು. ನಾನು ಬಹಳ ಕಷ್ಟಪಟ್ಟು, ಸ್ಟೂಲ್ ಹತ್ತಿ, ಅಂಥದ್ದೊಂದರ ಫೋಟೋ ತೆಗೆದು ಕಳಿಸಿದೆ. ನಿಜಕ್ಕೂ ಎಷ್ಟು ಚೆನ್ನಾಗಿ ವೇಷ ಹಾಕಿತ್ತೆಂದರೆ, ತುದಿಯಲ್ಲಿ ಬಿಳಿ ಚುಕ್ಕಿ ಸಮೇತ ಇತ್ತು. ಸಾರ್ ಸ್ವಲ್ಪ ಹೊತ್ತು ಬಿಟ್ಟು ಉತ್ತರಿಸಿದರು: "ತುಂಬಾ ಸ್ಪಷ್ಟವಾದ ಚಿತ್ರ. ಇದು ಹಲ್ಲಿಯದ್ದು." ಗುಂಪಿನಲ್ಲಿ ಯಾರೂ ನಗಲಿಲ್ಲ. ಮೇಲಿನ ಮನೆಯಿಂದ ಮಾತ್ರ ಒಂದು ಸದ್ದು ಕೇಳಿಸಿತು. ಅದಕ್ಕೆ ಎರಡು ದಿನವಾದ ಮೇಲೆ ವಿಶಾಲಕ್ಕ ಕಳಿಸಿದ 'ಅಪರೂಪದ ಹಳದಿ ಪತಂಗ' ಒಣಗಿದ ಕಣಗಿಲೆ ಎಲೆಯಾಗಿತ್ತು. ಆಗ ಸದ್ದು ಕೆಳಗಿನ ಮನೆಯಿಂದ ಬಂತು.

ನಿಧಾನವಾಗಿ ಕಣ್ಣು ಪಳಗಿತು. ರೆಕ್ಕೆ ಮಡಚಿದರೆ ಜೆಟ್ ವಿಮಾನದಂತೆ ಕಾಣುವ ಚೂಪು ಮೂತಿಯ ದಪ್ಪ ಹಾತೆಗಳಿವೆಯಲ್ಲ, ಇಂಗ್ಲಿಷಿನಲ್ಲಿ ಹಾಕ್‌ಮಾತ್ ಎನ್ನುತ್ತಾರೆ. ಸಾರ್ ಅವನ್ನು ಗಿಡುಗ ಪತಂಗ ಎನ್ನುತ್ತಿದ್ದರು. ಅವುಗಳಲ್ಲಿ ಥೆರೆಟ್ರಾ ಎಂಬ ಒಂದು ಕುಲ. "ಥೆರೆಟ್ರಾ ಬಂದಿದೆಯಾ ನೋಡ್ತೀನಿ," ಎಂದು ನಾನು ಹೊರಟರೆ ನಮ್ಮವರು ಪೇಪರಿನಿಂದ ತಲೆಯೆತ್ತಿ, "ಯಾವ ಥಿಯೇಟರಿಗೆ?" ಎಂದು ಕೇಳುತ್ತಿದ್ದರು. ಈ ಕುಲದಲ್ಲಿ ನೋಡಲು ಒಂದೇ ತರದ ಇಬ್ಬರಿದ್ದಾರೆ. ಅದೇ ಗಾತ್ರ, ಅದೇ ಕಂದು, ಅದೇ ಚೂಪು ರೆಕ್ಕೆ. ಸುಲಭದ ಗುರುತು ಬೆನ್ನಿನಲ್ಲಿ. ಒಂದರ ಹೊಟ್ಟೆಯ ಮೇಲ್ಭಾಗದಲ್ಲಿ ಉದ್ದಕ್ಕೂ ಬೆಳ್ಳಿಯಂಥ ಒಂದು ಗೆರೆ. ಇನ್ನೊಂದಕ್ಕೆ ಅಕ್ಕಪಕ್ಕ ಎರಡು ಗೆರೆ. ಎರಡು ಗೆರೆಯದ್ದು ಗುಂಪಿನ ಎಲ್ಲರ ಮನೆಗೂ ಬಂದಿತ್ತು. "ಒಂದು ಗೆರೆಯದ್ದನ್ನ ನಮ್ಮ ಗುಂಪಲ್ಲಿ ಇನ್ನೂ ಯಾರೂ ನೋಡಿಲ್ಲ. ಯಾರ ಮನೆ ಗೋಡೆಗೆ ಆ ಭಾಗ್ಯವೋ," ಎಂದು ಸಾರ್ ಒಂದು ದಿನ ಬರೆದರು.

ಬರೆದು ನಾಲ್ಕು ದಿನವಾಗಿರಲಿಲ್ಲ. ಒಂದು ಬೆಳಿಗ್ಗೆ ಚೌಕದ ಗೋಡೆಯ ಮೇಲೆ, ದೀಪದ ಪಕ್ಕದ ಬಿರುಕಿನ ಹತ್ತಿರ, ಅದು ಕೂತಿತ್ತು. ನಾನು ಕೆಳಗಿನಿಂದ ಬಂದೆ, ವಿಶಾಲಕ್ಕ ಮೇಲಿನಿಂದ ಬಂದರು. ಇಬ್ಬರೂ ಉಸಿರು ಹಿಡಿದು ನಿಂತೆವು.

"ಒಂದು ಗೆರೆ," ಎಂದರು ವಿಶಾಲಕ್ಕ ಪಿಸುಮಾತಿನಲ್ಲಿ.

"ಎರಡು," ಎಂದೆ ನಾನು.

"ಸರಿಯಾಗಿ ನೋಡಿ. ಒಂದು."

"ನೋಡ್ತಾನೇ ಇದೀನಿ ಅಕ್ಕ. ಎರಡು."

ವಿಶಾಲಕ್ಕ ಮೇಲೆ ಹೋಗಿ ಭೂತಗನ್ನಡಿ ತಂದರು. ಅದರಲ್ಲಿ ನೋಡಿ ಒಂದು ಎಂದರು. ನನ್ನ ಕೈಗೆ ಕೊಟ್ಟರು. ನನ್ನ ಕನ್ನಡಕದ ಮೇಲ್ಭಾಗದಲ್ಲಿ ನೋಡಿದರೆ ಎರಡು ಗೆರೆ, ಕೆಳಭಾಗದಲ್ಲಿ ನೋಡಿದರೆ ಗೆರೆಯೇ ಇಲ್ಲ, ಭೂತಗನ್ನಡಿಯೂ ಸೇರಿದರೆ ನಾಲ್ಕು. ನಾನು ನ್ಯಾಯವಾಗಿ ಎರಡಕ್ಕೇ ನಿಂತೆ.

"ಏನೇ ನಿನ್ನ ಕಣ್ಣು!" ಎಂದು ವಿಶಾಲಕ್ಕ ಸಿಡಿದರು. "ಹಲ್ಲಿ ಹಿಕ್ಕೇನ ಪತಂಗ ಅಂದವಳು ನೀನು! ನೀನು ನನಗೆ ಗೆರೆ ಎಣಿಸೋದು ಹೇಳ್ಕೊಡ್ತೀಯಾ? ಸಾವಿರ ಸೆರಗು ನೋಡಿರೋ ಕಣ್ಣು ಕಣೇ ಇದು!"

"ಕಣಗಿಲೆ ಎಲೆ ನೋಡಿದ್ದೂ ಅದೇ ಕಣ್ಣಲ್ವಾ ಅಕ್ಕ," ಎಂದೆ ನಾನು. ಬಾಯಿಂದ ಹಾಗೆ ಬಂತೇ ಹೊರತು ನನ್ನ ಮನಸ್ಸು ಬೇರೆಲ್ಲೋ ಇತ್ತು. ಎಷ್ಟೋ ತಿಂಗಳ ಮೇಲೆ ವಿಶಾಲಕ್ಕ ನನ್ನನ್ನು ನೀನು ಎಂದಿದ್ದರು, ಅದೂ ಒಂದೇ ಉಸಿರಿನಲ್ಲಿ ಎರಡೆರಡು ಸಲ. ಬೈಸಿಕೊಂಡು ಅಷ್ಟು ಹಿತವಾದದ್ದು ನನಗೆ ಇನ್ನೊಂದು ನೆನಪಿಲ್ಲ. ಅದನ್ನು ತೋರಿಸಿಕೊಳ್ಳಬಾರದೆಂದು ಮುಖ ಇನ್ನಷ್ಟು ಬಿಗಿ ಮಾಡಿಕೊಂಡೆ. ಅವರು ಕೋಪದಲ್ಲಿ ಹತ್ತಿಹೋದರು. ನಾನು ಕೋಪದಂತೆ ಇಳಿದುಹೋದೆ. ಭೂತಗನ್ನಡಿ ನನ್ನ ಕೈಯಲ್ಲೇ ಉಳಿಯಿತು. ಕೇಳಲು ಅವರಿಗೆ ಅಭಿಮಾನ ಅಡ್ಡ ಬಂತು, ಹಿಂದಕ್ಕೆ ಕೊಡಲು ನನಗೆ. ಹೀಗೆ ಅದು ಸೌಟಿನ ಡ್ರಾಯರು ಸೇರಿತು.

ಇಳಿಯುವ ಮುಂಚೆ ನಾನು ಒಂದು ಫೋಟೋ ತೆಗೆದಿದ್ದೆ. ವಿಶಾಲಕ್ಕನೂ ತೆಗೆದಿದ್ದರು. ನಾನು ನನ್ನದನ್ನು 'ನಮ್ಮ ಮನೆಯ ಎರಡು ಗೆರೆ' ಎಂದು ಗುಂಪಿಗೆ ಕಳಿಸಿದೆ. ಅವರು ತಮ್ಮದನ್ನು 'ನಮ್ಮ ಮನೆಯ ಒಂದು ಗೆರೆ' ಎಂದು ಕಳಿಸಿದರು. ನನ್ನ ಚಿತ್ರದಲ್ಲಿ ಎರಡು ಗೆರೆ ಖಂಡಿತ ಇದ್ದವು. ಅವರ ಚಿತ್ರದಲ್ಲಿ ಒಂದೇ ಗೆರೆ ಫಳಫಳ ಹೊಳೆಯುತ್ತಿತ್ತು.

ಗುಂಪಿನಲ್ಲಿ ಹಬ್ಬವಾಯಿತು. ಚಪ್ಪಾಳೆ, ಹೂಗುಚ್ಛ, ಕೈಮುಗಿಯುವ ಗೊಂಬೆಗಳು ಸುರಿದವು. ನಾವಿಬ್ಬರೂ ಒಂದೇ ಮನೆಯವರೆಂದು ಯಾರೋ ತಿಳಿಸಿದ ಮೇಲಂತೂ ಕೇಳುವುದೇ ಬೇಡ. "ಒಂದೇ ಮನೆಯಲ್ಲಿ, ಒಂದೇ ದಿನ, ಎರಡೂ ಪ್ರಭೇದ! ಅಮ್ಮಂದಿರೇ, ಭಾನುವಾರ ಬೆಳಿಗ್ಗೆ ನಾವೆಲ್ಲ ನಿಮ್ಮ ಮೆಟ್ಟಿಲು ನೋಡಲು ಬರುತ್ತೇವೆ," ಎಂದು ಸಾರ್ ಬರೆದರು. ಹದಿನೈದು ಜನ 'ನಾನೂ ಬರ್ತೀನಿ' ಎಂದರು.

ಒಂದೇ ಹಾತೆ ಎಂದು ಹೇಳಿಬಿಡೋಣವೆಂದು ನಾನು ಟೈಪ್ ಮಾಡಿದೆ, ಅಳಿಸಿದೆ. ಹೇಳಿದರೆ ಇಬ್ಬರಲ್ಲಿ ಒಬ್ಬರ ಕಣ್ಣು ಸುಳ್ಳಾಗುತ್ತಿತ್ತು. ನನ್ನದಂತೂ ಆಗುವುದು ನನಗೆ ಬೇಡವಾಗಿತ್ತು. ವಿಶಾಲಕ್ಕನದು ಆಗಲಿ ಎನ್ನಲು, ಅವರು ನೀನು ಎಂದದ್ದು ಇನ್ನೂ ಕಿವಿಯಲ್ಲಿತ್ತು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ವಿಶಾಲಕ್ಕನೇ.

"ಹದಿನೈದು ಜನಕ್ಕೆ ಉಪ್ಪಿಟ್ಟಿಗೆ ಎಷ್ಟು ರವೆ ಬೇಕು?" ಎಂದು ಕೇಳಿದರು, ಗೋಡೆ ನೋಡುತ್ತ.

"ಅಕ್ಕ, ಅವರು ಉಪ್ಪಿಟ್ಟು ತಿನ್ನೋಕೆ ಬರ್ತಾ ಇಲ್ಲ. ಇನ್ನೊಂದು ಹಾತೆ ಎಲ್ಲಿಂದ ತರೋದು?"

"ಅದಕ್ಕೇ ಬಂದೆ. ನಿಮ್ಮ ಭಾವನದು ಒಂದು ಬಿಳೀ ಪಂಚೆ ಇದೆ. ದೀಪದ ಹತ್ತಿರ ಕಟ್ಟಿದರೆ ಬರ್ತವಂತೆ."

ಶನಿವಾರ ಕತ್ತಲಾಗುತ್ತಲೇ ಪಂಚೆ ಕಟ್ಟಿದೆವು. ಭಾವನವರು ಆ ಸಂಜೆ ಹೊಸಹಳ್ಳಿಯಲ್ಲಿ ಒಂದು ಆರತಕ್ಷತೆಗೆ ಹೊರಟಿದ್ದರು. ಬೀರು ಎಲ್ಲ ಹುಡುಕಿ ಕೆಳಗಿಳಿದು ಬಂದು, ಚೌಕದಲ್ಲಿ ತಮ್ಮ ಜರಿಯಂಚಿನ ಪಂಚೆಯ ಮುಂದೆ ನಾವಿಬ್ಬರೂ ಕೈಕಟ್ಟಿ ನಿಂತಿರುವುದನ್ನು ಕಂಡರು. ಬಹಳ ಕಡಿಮೆ ಮಾತಿನ ಮನುಷ್ಯ. "ಪೂಜೆ ಯಾವಾಗ ಮುಗಿಯುತ್ತೆ?" ಎಂದು ಮಾತ್ರ ಕೇಳಿ, ಪ್ಯಾಂಟು ಹಾಕಿಕೊಂಡು ಹೋದರು. ಆ ಪಂಚೆಗೆ ಹಸಿರು ಮಿಡತೆಯೊಂದು, ಲೆಕ್ಕವಿಲ್ಲದಷ್ಟು ಸೊಳ್ಳೆ, ಒಂದು ಬೆಪ್ಪು ಜಿರಳೆ ಬಂದವು. ಒಂದು ಗೆರೆಯದೂ ಬರಲಿಲ್ಲ, ಎರಡು ಗೆರೆಯದೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಹದಿನೈದು ಜನ ಬಂದರು. ಮೆಟ್ಟಿಲ ತುಂಬ ಚಪ್ಪಲಿ. ಎದುರು ಮನೆಯ ಆಂಟಿ ಗೇಟಿನಿಂದಲೇ, "ಎಲ್ಲಾರೂ ಟ್ಯೂಷನ್‌ಗಾ?" ಎಂದು ಕೇಳಿದರು. ಚೌಕದ ಗೋಡೆ ಬೋಳಾಗಿತ್ತು. ವಿಶಾಲಕ್ಕ ಎಲ್ಲರಿಗೂ ಉಪ್ಪಿಟ್ಟು ಒತ್ತಾಯ ಮಾಡಿ ಮಾಡಿ ಬಡಿಸುತ್ತಿದ್ದರು, ಬಾಯಿ ತುಂಬಿದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂಬ ನಂಬಿಕೆಯಲ್ಲಿ. ಶಿವಸ್ವಾಮಿ ಸಾರ್ ಮಾತ್ರ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಮೊಬೈಲಿನಲ್ಲಿ ಎರಡು ಚಿತ್ರಗಳನ್ನೂ ಗೋಡೆಯನ್ನೂ ಬದಲಾಯಿಸಿ ಬದಲಾಯಿಸಿ ನೋಡುತ್ತಿದ್ದರು. ನಾನು ಕಾಫಿಯ ನೆಪದಲ್ಲಿ ಒಳಗೆ ಹೋಗುವವಳಿದ್ದೆ.

"ಅಮ್ಮ, ಒಂದು ನಿಮಿಷ," ಎಂದರು ಸಾರ್. "ಎರಡು ಚಿತ್ರದಲ್ಲೂ ಈ ಬಿರುಕು ಇದೆ. ಬಿರುಕಿನ ಪಕ್ಕ ಈ ಮೊಳೆ ಇದೆ. ಹಾತೆಯ ಬಲ ರೆಕ್ಕೆ ತುದಿ ಎರಡರಲ್ಲೂ ಚೂರು ಹರಿದಿದೆ. ಇದು ಎರಡು ಹಾತೆ ಅಲ್ಲ. ಒಂದೇ."

ನಾನು ವಿಶಾಲಕ್ಕನ ಮುಖ ನೋಡಿದೆ. ಅವರು ಸೌಟಿನಲ್ಲಿದ್ದ ಉಪ್ಪಿಟ್ಟನ್ನು ಯಾರದೋ ಬರಿಗೈಗೆ ಬಡಿಸಿಬಿಟ್ಟಿದ್ದರು.

"ಹಾಗಾದ್ರೆ ಒಂದು ಗೆರೆನೋ ಎರಡು ಗೆರೆನೋ, ಅದನ್ನ ಹೇಳಿ ಸಾರ್," ಎಂದರು ವಿಶಾಲಕ್ಕ, ಮರ್ಯಾದೆ ಹೋದರೂ ಪಂದ್ಯ ಬಿಡದೆ.

ಸಾರ್ ನಕ್ಕರು. "ಹೇಗಮ್ಮ ಹೇಳಲಿ? ಇವರ ಕೈ ನಡುಗಿದೆ. ಕೈ ನಡುಗಿದರೆ ಒಂದು ಗೆರೆಯೂ ಎರಡಾಗಿ ಕಾಣುತ್ತೆ. ನಿಮ್ಮದರಲ್ಲಿ ಫ್ಲಾಶ್ ಬಿದ್ದು ಹೊಳೆದಿದೆ. ಹೊಳಪಿಗೆ ಎರಡು ಗೆರೆಯೂ ಕೂಡಿ ಒಂದಾಗುತ್ತೆ. ಇಬ್ಬರೂ ಸುಳ್ಳು ಹೇಳಿಲ್ಲ. ಇಬ್ಬರನ್ನೂ ನಂಬೋ ಹಾಗಿಲ್ಲ."

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಮೆಟ್ಟಿಲು ಪೂರ್ತಿ ನಕ್ಕಿತು. ಬರಿಗೈಯಲ್ಲಿ ಉಪ್ಪಿಟ್ಟು ಹಿಡಿದಿದ್ದ ಹುಡುಗಿ ಅದನ್ನು ಅಲ್ಲೇ ತಿಂದು ಮುಗಿಸಿದಳು. ನಮ್ಮವರು ಕೆಳಗಿನಿಂದ, "ಶೋ ಮುಗೀತಾ?" ಎಂದು ಕೂಗಿದರು.

ಬಂದವರು ಬರಿಗೈಯಲ್ಲಿ ಹೋಗಬಾರದೆಂದು ವಿಶಾಲಕ್ಕ ಎಲ್ಲರನ್ನೂ ಟೆರೇಸಿಗೆ ಕರೆದೊಯ್ದು ತಮ್ಮ ಕುಂಡಗಳನ್ನು ತೋರಿಸಿದರು. ಅಲ್ಲಿ ಪತ್ರೊಡೆಗೆಂದು ಬೆಳೆಸಿದ ಕೆಸುವಿನ ಗಿಡವಿತ್ತು. ಎಲೆಯೊಂದು ಅರ್ಧಕ್ಕರ್ಧ ಮಾಯವಾಗಿತ್ತು. ಸಾರ್ ಬಗ್ಗಿ ಆ ಎಲೆಯನ್ನು ಮಗುಚಿದರು. ಅಡಿಯಲ್ಲಿ ನನ್ನ ಕಿರುಬೆರಳ ಗಾತ್ರದ ಕಪ್ಪು ಹುಳ, ಮೈಯ ಎರಡೂ ಪಕ್ಕಕ್ಕೆ ಸಾಲಾಗಿ ಹಳದಿ ಬೊಟ್ಟುಗಳು, ಹಿಂದುಗಡೆ ಒಂದು ಕೊಂಬು. ನಡೆಯುವಾಗ ಆ ಕೊಂಬನ್ನು ಹಿಂದೆ ಮುಂದೆ ಆಡಿಸುತ್ತಿತ್ತು, ಯಾರಿಗೋ ಬೇಡ ಬೇಡ ಎಂದು ಹೇಳುವಂತೆ.

"ಥೆರೆಟ್ರಾ ಮರಿ! ನಿಮ್ಮ ಗೋಡೆ ಮೇಲಿದ್ದವರ ಬಳಗ ಇರಬಹುದು," ಎಂದರು ಸಾರ್.

"ಒಂದು ಗೆರೆದಾ?" "ಎರಡು ಗೆರೆದಾ?" ಇಬ್ಬರೂ ಒಟ್ಟಿಗೆ ಕೇಳಿದೆವು.

ಅವರಿಗೆ ಗೊತ್ತಿತ್ತೆಂದು ಅವರ ಗಡ್ಡದ ನಗುವೇ ಹೇಳುತ್ತಿತ್ತು. "ನಾನು ಹೇಳಲ್ಲ. ಸಾಕಿ ನೋಡಿ," ಎಂದರು.

ಸಾಕುವುದೇನೋ ಸರಿ, ಯಾರು? ಕುಂಡ ನನ್ನದು ಎಂದರು ವಿಶಾಲಕ್ಕ. ಕುಂಡಕ್ಕೆ ನೀರು ಹಾಕಿದ್ದು ನಾನು ಎಂದೆ. ಕೊನೆಗೆ ಒಂದು ಪ್ಲಾಸ್ಟಿಕ್ ಡಬ್ಬಕ್ಕೆ ಬಲೆಬಟ್ಟೆ ಕಟ್ಟಿ, ಯಾರ ಪಾಲಿಗೂ ಸೇರದ ಆ ಚೌಕದಲ್ಲಿ ಸ್ಟೂಲಿನ ಮೇಲೆ ಇಟ್ಟೆವು. ಬೆಳಿಗ್ಗೆ ವಿಶಾಲಕ್ಕ ಎಲೆ ತಂದು ಹಾಕುವುದು, ಸಂಜೆ ನಾನು ಆಫೀಸಿನಿಂದ ಬಂದು ಹಾಕುವುದು ಎಂದಾಯಿತು. ಆದರೆ ಬೆಳಿಗ್ಗೆ ಅವರು ಹಾಕುವಾಗ ಸರಿಯಾಗಿ ಹಾಕುತ್ತಾರೋ ಇಲ್ಲವೋ ನೋಡಲು ನಾನು ಹೋಗುತ್ತಿದ್ದೆ, ಸಂಜೆ ನಾನು ಹಾಕುವಾಗ ಅವರು ಬರುತ್ತಿದ್ದರು. ಹುಳ ಎರಡು ಮನೆಯ ಅಳಿಯನಂತೆ ತಿಂದಿತು. ಆ ಮಳೆಗಾಲ ನಮ್ಮಲ್ಲಿ ಯಾರಿಗೂ ಪತ್ರೊಡೆ ಸಿಗಲಿಲ್ಲ. ಡಬ್ಬದ ತಳದಲ್ಲಿ ಕಾಳುಮೆಣಸಿನಂಥ ಗುಂಡಗಿನ ಹಿಕ್ಕೆ ಕೂಡುತ್ತಿತ್ತು. ಅದನ್ನು ಒಂದು ಕಾಗದಕ್ಕೆ ಸುರಿದು ಪಕ್ಕಕ್ಕಿಟ್ಟಿದ್ದಾಗ ಭಾವನವರು ನೋಡಿ, "ಆಯುರ್ವೇದದ್ದಾ? ಮಂಡಿನೋವಿಗೆ ಆಗುತ್ತಾ?" ಎಂದು ಕೈ ಹಾಕಿದ್ದರು. ವಿಶಾಲಕ್ಕ ಕಿರುಚಿದ ರಭಸಕ್ಕೆ ಮಂಡಿನೋವು ಮರೆತು ಮೂರು ಮೆಟ್ಟಿಲು ಹಾರಿದರು.

ಆಮೇಲೆ ಹುಳ ಊಟ ಬಿಟ್ಟು, ನಾವು ಹಾಸಿದ್ದ ಒಣಗಿದೆಲೆಗಳ ಅಡಿ ಸೇರಿ ಕೋಶ ಕಟ್ಟಿಕೊಂಡಿತು. ಈಗ ಹಾಕಲು ಎಲೆಯೂ ಬೇಕಿರಲಿಲ್ಲ, ಬಳಿಯಲು ಹಿಕ್ಕೆಯೂ ಇರಲಿಲ್ಲ. ಆದರೂ ಬೆಳಿಗ್ಗೆ ಸಂಜೆ ಚೌಕಕ್ಕೆ ಹೋಗುವುದು ನಿಲ್ಲಲಿಲ್ಲ. ಸುಮ್ಮನೆ ನಿಂತರೆ ಏನಾದರೂ ಮಾತಾಡಬೇಕಲ್ಲ, ಮಾತಾಡುತ್ತಿದ್ದೆವು. ನಿಂತು ಕಾಲು ನೋಯುತ್ತದೆಂದು ವಿಶಾಲಕ್ಕ ಎರಡು ಮಣೆ ತಂದಿಟ್ಟರು. ಒಂದು ಸಂಜೆ ಮೋಟರಿನ ಮಾತೂ ಬಂತು. "ಸ್ವಿಚ್ ಆರಿಸದೆ ಇದ್ದದ್ದು ನೀನಾ, ನಾನಾ ಕಣೇ?" ಎಂದು ಅವರೇ ಕೇಳಿದರು. ಇಬ್ಬರೂ ಪ್ರಾಮಾಣಿಕವಾಗಿ ಯೋಚಿಸಿದೆವು. ಇಬ್ಬರಿಗೂ ನೆನಪಾಗಲಿಲ್ಲ. ಸಂಡಿಗೆಗೆ ಹೇಗೂ ಉಪ್ಪು ಹೆಚ್ಚಾಗಿತ್ತು ಎಂದು ವಿಶಾಲಕ್ಕ ಒಪ್ಪಿಕೊಂಡರು.

ಒಂದು ಸಂಜೆ ದೀಪ ಹಚ್ಚುವ ಹೊತ್ತು. ನಾನು ಚಪಾತಿ ಹಿಟ್ಟು ನಾದುತ್ತಿದ್ದೆ. ಮೆಟ್ಟಿಲಿನಿಂದ ಕೂಗು ಬಂತು: "ಸುಮೀ! ಬಾರೇ ಬೇಗ! ಬರ್ತಾ ಇದೆ!"

ಹಿಟ್ಟಿನ ಕೈಯಲ್ಲೇ ಓಡಿದೆ. ಕೋಶ ಸೀಳಿ, ಒದ್ದೆಯಾದ, ಮುದುಡಿದ ಏನೋ ಒಂದು ಹೊರಗೆ ತೆವಳುತ್ತಿತ್ತು. ರೆಕ್ಕೆ ಇರಬೇಕಾದಲ್ಲಿ ಎರಡು ಸುಕ್ಕು ಚೂರುಗಳು. ಅದು ಬಲೆಬಟ್ಟೆ ಹಿಡಿದು ಮೇಲಕ್ಕೇರಿ ನೇತಾಡಿತು. ನಾವು ಮಣೆಗಳ ಮೇಲೆ ಕೂತೆವು. ಕಣ್ಣೆದುರೇ ಆ ಸುಕ್ಕುಗಳು ನಿಧಾನವಾಗಿ ಇಳಿಬಿದ್ದು, ಅಗಲವಾಗಿ, ನುಣುಪಾದವು. ವಿಶಾಲಕ್ಕ ನನ್ನ ತೋಳು ಹಿಡಿದುಕೊಂಡಿದ್ದರು. ಮಿಸುಕಿದರೆ ಎಲ್ಲಿ ಗಮನಿಸಿ ಕೈ ತೆಗೆದುಬಿಡುತ್ತಾರೋ ಎಂದು ನಾನು ಅಲ್ಲಾಡಲಿಲ್ಲ. ಒಳಗಿನಿಂದ ನಮ್ಮವರು ಚಪಾತಿ ಎಲ್ಲಿಗೆ ಬಂತು ಎಂದು ಕೇಳಿದರು. ಭಾವನವರು ಮೇಲಿನಿಂದ ಇಣುಕಿ ಹೋದರು.

ರೆಕ್ಕೆ ಒಣಗಿದ ಮೇಲೆ ಬಲೆಬಟ್ಟೆ ಬಿಚ್ಚಿದೆವು. ಹಾತೆ ಡಬ್ಬದ ಅಂಚಿಗೆ ಬಂದು, ನಮಗೆ ಬೆನ್ನು ತೋರಿಸಿ, ಬೇಕೆಂದೇ ತೋರಿಸುವ ಹಾಗೆ, ಕೂತಿತು. ದೀಪದ ಬೆಳಕು ನೇರವಾಗಿ ಬಿದ್ದಿತ್ತು. ಹೊಚ್ಚಹೊಸ ಕಂದು ಮೈ. ಅದರ ಮೇಲೆ ತಲೆಯ ಕಡೆಯಿಂದ ಬಾಲದ ತುದಿಯವರೆಗೆ, ಅಕ್ಕಪಕ್ಕ, ಒಂದಕ್ಕೊಂದು ತಾಗದೆ, ಬೆಳ್ಳಿಯ ಎರಡು ಗೆರೆಗಳು. ನನ್ನ ಕನ್ನಡಕದ ಯಾವ ಭಾಗದಲ್ಲಿ ನೋಡಿದರೂ ಎರಡೇ.

ವಿಶಾಲಕ್ಕ ಬಹಳ ಹೊತ್ತು ನೋಡಿದರು. ತಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಹಾಕಿಕೊಂಡು, ಮತ್ತೆ ನೋಡಿದರು. ತಲೆಯನ್ನು ಆ ಕಡೆ ವಾಲಿಸಿ ನೋಡಿದರು, ಈ ಕಡೆ ವಾಲಿಸಿ ನೋಡಿದರು.

"ಒಂದೇ ಗೆರೆ ಕಣೇ," ಎಂದರು ಕೊನೆಗೆ. "ಮಧ್ಯದಲ್ಲಿ ಸ್ವಲ್ಪ ಸೀಳಿದೆ, ಅಷ್ಟೇ."

ನಾನು ಅವರ ಮುಖ ನೋಡಿದೆ. ತುಟಿಯ ತುದಿ ಅದುರುತ್ತಿತ್ತು.

"ಹೌದಕ್ಕ," ಎಂದೆ. "ಮೇಲಿಂದ ಕೆಳಗಿನವರೆಗೂ ಸೀಳಿದೆ."

ಅಷ್ಟು ಸಾಕಾಯಿತು. ವಿಶಾಲಕ್ಕ ನಕ್ಕ ರಭಸಕ್ಕೆ ಮಣೆ ಜಾರಿತು, ಅವರು ನನ್ನನ್ನು ಹಿಡಿದುಕೊಂಡರು, ನಾನು ಸ್ಟೂಲು ಹಿಡಿದುಕೊಂಡೆ, ಡಬ್ಬ ಉರುಳಿತು. ಹಾತೆ ನಮ್ಮಿಬ್ಬರ ತಲೆಯ ಮೇಲೆ ಒಂದು ಸುತ್ತು ಹಾಕಿ, ಎರಡು ಗೆರೆಗಳ ಸಮೇತ, ಅಂದರೆ ಸೀಳಿದ ಒಂದು ಗೆರೆಯ ಸಮೇತ, ಪಕ್ಕದ ಮನೆಯ ನುಗ್ಗೆಮರದ ಕಡೆ ಹಾರಿಹೋಯಿತು.